ಪರದೆಯ ಮೇಲೆ ಕಿನ್ನಾಳದ ಗರುಡ

ಮೌಸ್ ನಮಗೆ ಕೊಡುವುದು ಎರಡೇ ಸಂಖ್ಯೆ. ಅಡ್ಡಕ್ಕೆ ಎಷ್ಟು ಸರಿಯಿತು, ಮೇಲೆ ಕೆಳಗೆ ಎಷ್ಟು ಸರಿಯಿತು, ಅಷ್ಟೇ. ತ್ರೀಡಿಯಲ್ಲಿ ನಿಂತ ವಸ್ತುವಿಗೆ ಮೂರು ಬೇಕು. ಆ ಮೂರನೆಯದನ್ನು ಪ್ರೋಗ್ರಾಂ ಬರೆಯುವವರೇ ತೀರ್ಮಾನಿಸಬೇಕು. ನನ್ನ ತೀರ್ಮಾನ ಕೈಗೆ ಒಪ್ಪುತ್ತದಾ ಅಂತ ನೋಡಲು ಕೊಪ್ಪಳದಿಂದ ಕಿನ್ನಾಳಕ್ಕೆ ಹೋಗಿದ್ದೆ.

ಕಿನ್ನಾಳದ ಗೊಂಬೆ ಗೊತ್ತಲ್ಲ? ಹಗುರ ಮರ, ಹುಣಸೆ ಬೀಜದ ಅಂಟು, ಮೇಲೆ ಹೊಳೆಯುವ ಬಣ್ಣ. ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ. ದಸರೆಗೆ ಗೊಂಬೆ ಕೂರಿಸುವವರು ಕೊಳ್ಳುವ ಮುಂಚೆ ಬ್ರೌಸರ್‌ನಲ್ಲೇ ಮೆಟ್ಟಿಲ ಮೇಲೆ ಜೋಡಿಸಿ ನೋಡುವಂತಿದ್ದರೆ ಚೆನ್ನ ಅಲ್ವಾ? ಅದಕ್ಕೇ ತ್ರೀಜೆಎಸ್‌ನಲ್ಲಿ (ಬ್ರೌಸರ್‌ನಲ್ಲಿ ತ್ರೀಡಿ ದೃಶ್ಯ ತೋರಿಸಲು ಬಳಸುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಒಂದು ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದೆ. ಗೊಂಬೆಯನ್ನು ಎಳೆಯುವ ಎರಡು ಬಗೆಯನ್ನೂ ಬೇಕಂತಲೇ ಇಟ್ಟುಕೊಂಡು ಹೋಗಿದ್ದೆ.

ಬಣ್ಣ ಹಚ್ಚುತ್ತಿದ್ದ ಕಾಕಾ ಕೈ ಒರೆಸಿಕೊಂಡು ಬಂದು ಲ್ಯಾಪ್‌ಟಾಪ್ ಮುಂದೆ ಕೂತರು. ಅವರು ಬಳಸುವುದು ಫೋನ್ ಮಾತ್ರ, ಮೌಸ್ ಹೊಸದು. ನನಗೆ ಬೇಕಾಗಿದ್ದೂ ಅಂಥ ಕೈಯೇ.

‘ಗರುಡನ್ನ ಹಿಂದಿನ ಮೆಟ್ಟಿಲಿಗೆ ಇಡ್ರಿ ಕಾಕಾ’ ಅಂದೆ.

ಅವರು ಮೌಸನ್ನು ಮುಂದಕ್ಕೆ ತಳ್ಳಿದರು. ಗರುಡ ನೆಲ ಬಿಟ್ಟು ಮೇಲಕ್ಕೆ ಎದ್ದಿತು.

‘ಇದು ಹಾರಾಕ ಹತ್ತೇತಲ್ಲೋ ತಮ್ಮಾ. ನಾ ಹಿಂದ ಇಡಾಕ ಹೊಂಟೀನಿ.’

ಅದು ಮೊದಲ ಬಗೆ. ಅಲ್ಲಿ ಗೊಂಬೆ ಕ್ಯಾಮೆರಾಕ್ಕೆ, ಅಂದರೆ ಪರದೆಯ ದೃಶ್ಯವನ್ನು ನಾವು ನೋಡುವ ಬಿಂದುವಿಗೆ, ಎದುರಾಗಿ ನಿಂತ ಒಂದು ಕಾಣದ ಗೋಡೆಯ ಮೇಲೆ ಸರಿಯುತ್ತದೆ. ಎಷ್ಟೋ ತ್ರೀಡಿ ಸಾಫ್ಟ್‌ವೇರ್‌ಗಳಲ್ಲಿ ವಸ್ತುವನ್ನು ಹೀಗೇ ಎಳೆಯುತ್ತೇವೆ. ಮಾಡೆಲ್ ಮಾಡುವವರಿಗೆ ಅದು ಸರಿ. ಗೊಂಬೆ ಜೋಡಿಸುವವರಿಗೆ ಖಂಡಿತ ಸರಿಯಲ್ಲ. ಗೊಂಬೆ ಯಾವಾಗಲೂ ಯಾವುದೋ ಒಂದರ ಮೇಲೆ ನಿಂತಿರಬೇಕು.

ಎರಡನೆಯ ಬಗೆಯಲ್ಲಿ ಮೆಟ್ಟಿಲನ್ನೇ ನಂಬುತ್ತೇವೆ. ಮೌಸ್ ಇರುವ ಪಿಕ್ಸೆಲನ್ನು ಮೊದಲು ಮೈನಸ್ 1ರಿಂದ 1ರವರೆಗಿನ ಲೆಕ್ಕಕ್ಕೆ ತರಬೇಕು. 1280ಕ್ಕೆ 720 ಪಿಕ್ಸೆಲ್‌ನ ಕ್ಯಾನ್ವಾಸ್‌ನಲ್ಲಿ (ಚಿತ್ರ ಮೂಡುವ ಚೌಕಟ್ಟು) ಮೌಸ್ 960, 180ರಲ್ಲಿದ್ದರೆ ಅದು 0.5, 0.5 ಆಗುತ್ತದೆ. ಪಿಕ್ಸೆಲ್ ಎಣಿಕೆ ಮೇಲಿಂದ ಕೆಳಕ್ಕೆ, ತ್ರೀಡಿ ಎಣಿಕೆ ಕೆಳಗಿಂದ ಮೇಲಕ್ಕೆ. ಹಾಗಾಗಿ ಎರಡನೆಯ ಸಂಖ್ಯೆಯನ್ನು ತಿರುವಿ ಹಾಕಬೇಕು. ಆಮೇಲೆ ಕ್ಯಾಮೆರಾದಿಂದ ಆ ಬಿಂದುವಿನ ಮೂಲಕ ಒಂದು ಕಿರಣ ಬಿಡುವುದು. ತ್ರೀಜೆಎಸ್‌ನ ರೇಕಾಸ್ಟರ್ ಅನ್ನುವ ಸಲಕರಣೆ ಮಾಡುವುದು ಇಷ್ಟೇ. ಕಿರಣ ಮೆಟ್ಟಿಲಿಗೆ ಎಲ್ಲಿ ತಾಗುತ್ತದೋ ಗೊಂಬೆಗೆ ಅದೇ ಜಾಗ.

ಇಲ್ಲಿ ಎರಡು ಸೂಕ್ಷ್ಮ ಇವೆ. ಎಳೆಯುವಾಗ ಆ ಗೊಂಬೆಯನ್ನೇ ಕಿರಣ ತಾಗಬಹುದಾದ ವಸ್ತುಗಳ ಪಟ್ಟಿಯಿಂದ ಬಿಡಬೇಕು. ಇಲ್ಲದಿದ್ದರೆ ಕಿರಣ ಗೊಂಬೆಗೇ ತಾಗಿ, ಅದು ನಮ್ಮ ಮುಖದ ಕಡೆಗೆ ತೆವಳುತ್ತಾ ಬರುತ್ತದೆ. ಇನ್ನೊಂದು, ಗೊಂಬೆಯ ರೆಕ್ಕೆ ಹಿಡಿದರೆ ರೆಕ್ಕೆಯೇ ಮೌಸ್ ಕೆಳಗೆ ಉಳಿಯಬೇಕು. ಒತ್ತಿದ ಕ್ಷಣದಲ್ಲಿ ಗೊಂಬೆ ನಿಂತ ಜಾಗಕ್ಕೂ ಕಿರಣ ತಾಗಿದ ಜಾಗಕ್ಕೂ ಇರುವ ಅಂತರ ನೆನಪಿಟ್ಟುಕೊಂಡು ಪ್ರತಿ ಸಲ ಅದನ್ನು ಕೂಡಿಸಬೇಕು. ಇದೊಂದಿಲ್ಲದಿದ್ದರೆ ಗೊಂಬೆ ಫಕ್ಕನೆ ಜಿಗಿಯುತ್ತದೆ. ಆಗ ಹಿಡಿದಿದ್ದೇವೆ ಅನ್ನುವ ಭಾವನೆಯೇ ಹೋಗಿಬಿಡುತ್ತದೆ.

ಎರಡನೆಯದಕ್ಕೆ ಬದಲಾಯಿಸಿ ಕೊಟ್ಟೆ. ಕಾಕಾ ಮತ್ತೆ ತಳ್ಳಿದರು. ಗರುಡ ಮೆಟ್ಟಿಲು ಹತ್ತುತ್ತಾ ಹಿಂದಕ್ಕೆ ಹೋಗಿ ನಿಂತಿತು. ಮೌಸ್ ಮೆಟ್ಟಿಲಿನ ಆಚೆ ಹೋದರೂ ಗರುಡ ಅಂಚಿನಲ್ಲೇ ಉಳಿಯಿತು. ‘ಈಗ ಮಾತು ಕೇಳ್ತೈತಿ ನೋಡು’ ಅಂದರು. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಆಮೇಲೆ ತಿರುಗಿಸುವ ವಿಷಯ ಬಂತು. ಕೆನ್ ಶೂಮೇಕ್ 1992ರಲ್ಲಿ ಬರೆದ ಆರ್ಕ್‌ಬಾಲ್ ಎಂಬ ತಿರುಗಿಸುವ ವಿಧಾನವನ್ನು ಹಾಕಿದ್ದೆ. ವಸ್ತುವಿನ ಸುತ್ತ ಒಂದು ಗಾಜಿನ ಚೆಂಡು ಇದೆ ಅಂದುಕೊಳ್ಳಿ, ಮೌಸ್ ಆ ಚೆಂಡನ್ನು ಉರುಳಿಸುತ್ತದೆ. ಒಳಗಿನ ಲೆಕ್ಕ ಕ್ವಾಟರ್ನಿಯನ್‌ನದು, ಐರಿಶ್ ಗಣಿತಜ್ಞ ಹ್ಯಾಮಿಲ್ಟನ್ 1843ರಲ್ಲಿ ಕಂಡುಕೊಂಡ ನಾಲ್ಕು ಸಂಖ್ಯೆಗಳ ಗಣಿತ. ಮೂರು ಕೋನ ಬೇರೆ ಬೇರೆ ಇಟ್ಟುಕೊಂಡರೆ ಒಂದು ಭಂಗಿಯಲ್ಲಿ ಎರಡು ಅಕ್ಷ ಒಂದೇ ಆಗಿ, ಒಂದು ದಿಕ್ಕಿನ ತಿರುಗಾಟವೇ ಸಿಕ್ಕಿಹಾಕಿಕೊಳ್ಳುತ್ತದೆ. ಕ್ವಾಟರ್ನಿಯನ್‌ನಲ್ಲಿ ಆ ತೊಂದರೆ ಇಲ್ಲ.

ಮೆಟ್ಟಿಲ ಮೇಲಿದ್ದ ಗರುಡನನ್ನು ಕಾಕಾ ಹಾಗೆ ತಿರುಗಿಸಿದ ಕೂಡಲೇ ಅದು ಮಗ್ಗುಲಾಯಿತು. ಜೋಡಿಸುವಾಗ ಇಷ್ಟು ಸ್ವಾತಂತ್ರ್ಯ ಬೇಡ ಅಂತ ಆಗಲೇ ಅನ್ನಿಸಿತು. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. ಇನ್ನೂ ಉರುಳಿಸಿ ಗೊಂಬೆಯನ್ನು ತಲೆಕೆಳಗು ಮಾಡಿದರು.

‘ತಳ ಎಲ್ಲೈತಿ?’

ತಳದ ಜಾಗ ಖಾಲಿ ಇತ್ತು. ಗೊಂಬೆಯನ್ನು ಹಲಗೆಯ ಮೇಲಿಟ್ಟು ಸುತ್ತ ಫೋಟೋ ತೆಗೆದು ಮಾಡೆಲ್ ಮಾಡಿದರೆ ತಳ ಬರುವುದಿಲ್ಲ. ಕಾಕಾ ಪಕ್ಕದಲ್ಲಿದ್ದ ನಿಜವಾದ ಗರುಡನನ್ನು ಎತ್ತಿ ಬುಡ ಮೇಲೆ ಮಾಡಿ ತೋರಿಸಿದರು. ಬಣ್ಣ ಅಂಚಿಗೆ ನಿಂತಿತ್ತು, ಒಳಗೆ ಬರೀ ಮರ, ಉಳಿಯ ಗೆರೆಗಳು ಎದ್ದು ಕಾಣುತ್ತಿದ್ದವು. ‘ತಗೊಳ್ಳಾರು ಮೊದ್ಲ ಇದನ್ನ ನೋಡ್ತಾರ’ ಅಂದರು. ಅಲ್ಲೇ ಬಟ್ಟೆ ಹಾಸಿ, ಗೊಂಬೆ ಮಲಗಿಸಿ, ತಳದ ಫೋಟೋ ತೆಗೆದೆವು.

ಈಗ ಪ್ರೋಗ್ರಾಂನಲ್ಲಿ ಎಡ ಬಟನ್ ಒತ್ತಿ ಎಳೆದರೆ ಗೊಂಬೆ ಮೆಟ್ಟಿಲ ಮೇಲೆ ಸರಿಯುತ್ತದೆ. ಬಲ ಬಟನ್ ಒತ್ತಿದರೆ ನಿಂತಲ್ಲೇ ಸುತ್ತುತ್ತದೆ, ವಾಲುವುದಿಲ್ಲ. ಎರಡು ಸಲ ಕ್ಲಿಕ್ ಮಾಡಿದರೆ ಅದೊಂದೇ ಎದುರಿಗೆ ಬರುತ್ತದೆ, ಅಲ್ಲಿ ಮಾತ್ರ ಆರ್ಕ್‌ಬಾಲ್. ಫೋನಿನಲ್ಲಿ ಬಲ ಬಟನ್ ಇಲ್ಲವಲ್ಲ, ಅಲ್ಲಿಗೆ ಎರಡು ಬೆರಳಿನಿಂದ ಸುತ್ತಿಸುವುದನ್ನು ಬರೆಯುತ್ತಿದ್ದೇನೆ. ಮುಗಿದ ಮೇಲೆ ಕಾಕಾನ ಫೋನಿನಲ್ಲೇ ಮೊದಲು ನೋಡಬೇಕು.