ನಾಲ್ಕು ಮನೆ, ಒಬ್ಬ ಬಿಲ್ಡರ್, ನಮ್ಮದೇ ಲಾಯರ್

ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಬಿಲ್ಡರ್‌ಗಳು ಈಗೀಗ ಅಕ್ಕಪಕ್ಕದ ಮೂರು ನಾಲ್ಕು ಮನೆಗಳನ್ನು ಒಟ್ಟಿಗೆ ಕೇಳಿಕೊಂಡು ಬರುತ್ತಾರೆ. ಎಷ್ಟು ಕಟ್ಟಬಹುದು ಅನ್ನೋದು ಸೈಟಿನ ಅಳತೆ ಮತ್ತು ರಸ್ತೆಯ ಅಗಲದ ಮೇಲೆ ಹೋಗುತ್ತದೆ. ಸುತ್ತ ಬಿಡಬೇಕಾದ ಜಾಗ ಕಳೆದರೆ ಒಂದು 30×40ರಲ್ಲಿ ಅವರಿಗೆ ಏನೂ ಗಿಟ್ಟುವುದಿಲ್ಲ.

ಜಯನಗರದಲ್ಲಿ ನಮ್ಮದೂ ಸೇರಿ ನಾಲ್ಕು ಮನೆ ಹೋದ ವರ್ಷ ಹೀಗೆ ಒಟ್ಟಿಗೆ ಮಾರಾಟವಾದವು. ಈಗ ಹಿಂದಿನ ರಸ್ತೆಯವರು ಬಂದು ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ನಾನು ಮೊದಲು ಹೇಳುವುದು ಲಾಯರ್ ವಿಷಯ. "ಲಾಯರ್ ಖರ್ಚೆಲ್ಲಾ ನಮ್ಮದೇ, ನೀವು ಸುಮ್ನೆ ಸೈನ್ ಮಾಡಿ" ಎಂದು ಬಿಲ್ಡರ್ ಹೇಳುತ್ತಾರೆ. ಅವರು ಕರೆತರುವ ಲಾಯರ್ ಎಷ್ಟೇ ಸಜ್ಜನರಾಗಿರಲಿ, ಅವರು ಬಿಲ್ಡರ್ ಕಡೆಯವರು. ನೀವು ನಿಮ್ಮವರನ್ನು ಹುಡುಕಿಕೊಳ್ಳಿ.

ಅಗ್ರಿಮೆಂಟಿನ ಡ್ರಾಫ್ಟ್ ಬಂದಾಗ ನಮ್ಮೆಲ್ಲರ ಕಣ್ಣು ರೇಟಿನ ಮೇಲಿತ್ತು. ನಮ್ಮ ಲಾಯರ್ ಮೇಡಂ ಮಾತ್ರ ಮೊದಲ ಪುಟಗಳಲ್ಲೇ ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಹಾಕಿದರು. ನಾಲ್ಕೂ ಮನೆಯವರನ್ನು ಸೇರಿಸಿ "ಮಾರಾಟಗಾರರು" ಎಂದು ಕರೆದು, ಎಲ್ಲರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ ಎಂದು ಅಲ್ಲಿ ಬರೆದಿತ್ತು. ಅಂದರೆ ಮೂಲೆ ಮನೆಯ ಟೈಟಲ್‌ನಲ್ಲಿ, ಅಂದರೆ ಮಾಲೀಕತ್ವದ ಹಕ್ಕಿನಲ್ಲಿ, ತೊಂದರೆ ಬಂದರೂ ಬಿಲ್ಡರ್ ಪೂರ್ತಿ ನಷ್ಟವನ್ನು ನನ್ನಿಂದಲೇ ಕೇಳಬಹುದು. ಆಮೇಲೆ ನಾನು ಪಕ್ಕದವರ ಹಿಂದೆ ಬಿದ್ದು ವಸೂಲಿ ಮಾಡಿಕೊಳ್ಳಬೇಕು.

ಆ ಸಾಲು ತೆಗೆಸಿದರೆ ಸಾಕಲ್ವಾ ಎಂದು ಕೇಳಿದೆ. ಸಾಲದು ಎಂದರು. 1872ರ ಕಾಂಟ್ರಾಕ್ಟ್ ಆಕ್ಟ್‌ನ 43ನೇ ಸೆಕ್ಷನ್ ಇದೆಯಂತೆ. ಹಲವರು ಸೇರಿ ಒಂದು ಮಾತು ಕೊಟ್ಟಿದ್ದರೆ, ಬೇರೆ ಥರ ಬರೆದುಕೊಂಡಿಲ್ಲದಿದ್ದರೆ, ಅವರಲ್ಲಿ ಯಾರೊಬ್ಬರನ್ನು ಹಿಡಿದುಕೊಂಡಾದರೂ ಪೂರ್ತಿ ಕೇಳಬಹುದು. ಅದಕ್ಕೇ ಮೇಡಂ, ಅವರವರ ಸೈಟಿಗೆ ಅವರವರೇ ಹೊಣೆ, ಅಡ್ವಾನ್ಸ್ ವಾಪಸ್ ಕೊಡಬೇಕಾಗಿ ಬಂದರೂ ತಾನು ಪಡೆದಷ್ಟೇ, ಎಂದು ಬಿಡಿಸಿ ಬರೆಸಿದರು. ಬಿಲ್ಡರ್ ಎಳೆದಾಡಿ ಕೊನೆಗೆ ಒಪ್ಪಿದರು. ಇಡೀ ವ್ಯವಹಾರದಲ್ಲಿ ನಮಗೆ ಸಿಕ್ಕ ದೊಡ್ಡ ರಕ್ಷಣೆ ಇದೇ ಎಂದು ನನ್ನ ನಂಬಿಕೆ.

ಹೊಣೆ ಬೇರೆಬೇರೆ ಆದರೂ ಮಾರಾಟ ಒಟ್ಟಿಗೇ ಆಗಬೇಕು. ನಾಲ್ಕೂ ಕ್ರಯಪತ್ರ ಒಂದೇ ದಿನ ರಿಜಿಸ್ಟರ್ ಆಗಬೇಕು, ಇಲ್ಲವೇ ಒಂದೂ ಆಗಬಾರದು. ಮೂರು ಸೈಟು ಕೊಂಡು ನಾಲ್ಕನೆಯದನ್ನು ಬಿಟ್ಟುಬಿಟ್ಟರೆ ಆ ಮನೆಯವರ ಗತಿ ಏನು? ಪಕ್ಕದಲ್ಲಿ ಅಷ್ಟೆತ್ತರದ ಕಟ್ಟಡ ಏಳುತ್ತದೆ, ಇವರ ಸೈಟನ್ನು ಕೇಳುವವರಿರುವುದಿಲ್ಲ.

ಇಷ್ಟಕ್ಕೂ ಮೊದಲು ನಮ್ಮ ನಮ್ಮಲ್ಲೇ ಒಂದು ಒಪ್ಪಂದ ಬೇಕಿತ್ತು. ಮೂಲೆ ಮನೆ ರಾಯರು ಕಾರ್ನರ್ ಸೈಟಿಗೆ ಜಾಸ್ತಿ ಬರಬೇಕು ಎಂದರು. ಮೂರನೇ ಮನೆಯವರು ಈಚೆಗಷ್ಟೇ ಮಹಡಿ ಕಟ್ಟಿಸಿದ್ದರು, ಬ್ಯಾಂಕ್ ಸಾಲ ಇನ್ನೂ ತೀರಿರಲಿಲ್ಲ. ಒಡೆದುಹಾಕುವ ಮನೆಗೆ ಬಿಲ್ಡರ್ ಬೆಲೆ ಕಟ್ಟುವುದಿಲ್ಲ. ಅವರ ಸಂಕಟ ನೋಡಿದರೆ ಹೊಟ್ಟೆ ಚುರ್ ಅನ್ನುತ್ತಿತ್ತು. ಕೊನೆಗೆ ಎಲ್ಲರಿಗೂ ಚದರಡಿ ಲೆಕ್ಕ, ಮೂಲೆಗೆ ಸ್ವಲ್ಪ ಹೆಚ್ಚು, ಸಾಲ ಇರುವವರಿಗೆ ಅದು ತೀರುವಷ್ಟು ಅಡ್ವಾನ್ಸ್ ಎಂದಾಯಿತು. ಬಿಲ್ಡರ್ ಹತ್ತಿರ ಯಾರೂ ಒಬ್ಬೊಬ್ಬರೇ ಮಾತಾಡುವ ಹಾಗಿಲ್ಲ ಎಂದೂ ಬರೆದು ಎಲ್ಲರೂ ಸೈನ್ ಹಾಕಿದೆವು. ನಾಲ್ಕೂ ಮನೆಗೆ ಲಾಯರ್ ಒಬ್ಬರೇ. ಆದರೆ ನಿಮ್ಮೊಳಗೆ ಜಗಳ ಬಂದರೆ ನಾನು ಯಾರ ಪರವೂ ನಿಲ್ಲುವುದಿಲ್ಲ ಎಂದು ಮೇಡಂ ಮೊದಲೇ ಪತ್ರ ಕೊಟ್ಟಿದ್ದರು. ಹಾಗೆ ಹೇಳುವ ಲಾಯರನ್ನೇ ನಂಬಬಹುದು.

ಎರಡನೇ ಮನೆ ಆಂಟಿಯದು. ಅಂಕಲ್ ತಮ್ಮ ಸಂಪಾದನೆಯಲ್ಲಿ ಕಟ್ಟಿಸಿದ್ದು, ವಿಲ್ ಬರೆದಿರಲಿಲ್ಲ. ಮಗನೇ ಎಲ್ಲ ಓಡಾಡುತ್ತಿದ್ದ. ಮಗಳನ್ನು ದಾವಣಗೆರೆಗೆ ಕೊಟ್ಟಿದೆ. "ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆಯಲ್ಲ ಮೇಡಂ" ಎಂದ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಾಯಿ, ಮಗ, ಮಗಳು ಮೂವರಿಗೂ ಸಮಪಾಲು ಎಂದು ಮೇಡಂ ಮೆತ್ತಗೆ, ಆದರೆ ಖಡಾಖಂಡಿತವಾಗಿ ಹೇಳಿದರು. ವಂಶವೃಕ್ಷ ತೆಗೆಸಿದರು, ಮಗಳನ್ನೂ ಪತ್ರದಲ್ಲಿ ಸೇರಿಸಿದರು, ಅವಳ ಪಾಲಿನ ಹಣ ಅವಳ ಖಾತೆಗೇ ಹೋಗುವಂತೆ ಮಾಡಿದರು. ನನಗಂತೂ ತುಂಬಾ ಸಮಾಧಾನವಾಯಿತು.

ರಾಯರ ಮನೆ ಮಗನ ಜೊತೆ ಜಂಟಿ ಹೆಸರಲ್ಲಿತ್ತು, ಮಗ ಅಮೆರಿಕದಲ್ಲಿ. ಅಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಬಂತು. ಅದು ಇಲ್ಲಿಗೆ ಬಂದ 3 ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಿಸಬೇಕು. ಇಲ್ಲಿರುವವರು 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿಗೆ ಮಾರಿದರೆ ಕೊಳ್ಳುವವರು ಕೊಡುವ ಹಣದಲ್ಲೇ 1% ತೆರಿಗೆ (ಟಿಡಿಎಸ್) ಹಿಡಿಯುತ್ತಾರೆ. ಮಾರುವವರು ಎನ್‌ಆರ್‌ಐ ಆದರೆ ಅವರ ಪಾಲಿನ ಹಣಕ್ಕೆ ಹಿಡಿಯುವ ದರ ತುಂಬಾ ಜಾಸ್ತಿ. ಕಡಿಮೆ ಹಿಡಿಯಬೇಕೆಂದರೆ ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಸರ್ಟಿಫಿಕೇಟ್ ತರಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಬೇಗ ಶುರು ಮಾಡಿ.

ಹಾಗೆಯೇ ಹಣವನ್ನು ಯಾರೋ ಒಬ್ಬರ ಖಾತೆಗೆ ಹಾಕಿಸಿ ಆಮೇಲೆ ಹಂಚಿಕೊಳ್ಳೋಣ ಅನ್ನಬೇಡಿ. ತೆರಿಗೆ ಲೆಕ್ಕ ಅವರ ತಲೆಗೇ ಸುತ್ತಿಕೊಳ್ಳುತ್ತದೆ. ಇ-ಖಾತಾದಲ್ಲಿ, ಆಧಾರ್‌ನಲ್ಲಿ ಹೆಸರು ಒಂದೇ ಥರ ಇದೆಯಾ ಎಂದು ಈಗಲೇ ನೋಡಿಕೊಳ್ಳಿ. ಇನ್ನು ಸಿಐಟಿಬಿ (ಬಿಡಿಎಗಿಂತ ಮೊದಲು ಬಡಾವಣೆ ಮಾಡುತ್ತಿದ್ದ ಸಂಸ್ಥೆ) ಕಾಲದ ಹಂಚಿಕೆ ಪತ್ರ, ಮೂಲ ಕ್ರಯಪತ್ರ ಇವನ್ನು ಪರಿಶೀಲನೆಗೆ ಎಂದು ಬಿಲ್ಡರ್ ಕಡೆಯವರು ಕೇಳುತ್ತಾರೆ. ಜೆರಾಕ್ಸ್ ಕೊಡಿ. ಮೂಲಪತ್ರ ನಿಮ್ಮ ಲಾಯರ್ ಆಫೀಸಿನಲ್ಲೇ ಕೂತು ನೋಡಿಕೊಂಡು ಹೋಗಲಿ. ಕೈಗೆ ಕೊಡುವುದು ರಿಜಿಸ್ಟ್ರೇಷನ್ ದಿನ, ಬಾಕಿ ಹಣ ಬಂದ ಮೇಲೆ.