ಡೋನರ್ ಯಾರು ಅಂತ ಗೊತ್ತಾಗಲ್ಲ ಅಲ್ವಾ?

ದಾವಣಗೆರೆಯಲ್ಲಿ ಮಕ್ಕಳಾಗದ ದಂಪತಿಗಳ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಜಗಳೂರು, ಹೊನ್ನಾಳಿ, ಹರಿಹರದಿಂದ ಬರುತ್ತಾರೆ. ಬೇರೆಯವರ ವೀರ್ಯ ಅಥವಾ ಅಂಡಾಣು ಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ ಮೇಲೆ ಹೆಚ್ಚಿನವರು ದನಿ ತಗ್ಗಿಸಿ ಕೇಳುವುದು ಒಂದೇ. 'ಮೇಡಂ, ಡೋನರ್ ಯಾರು ಅಂತ ಯಾರಿಗೂ ಗೊತ್ತಾಗಲ್ಲ ಅಲ್ವಾ?'

ಹೆಸರು ಗೊತ್ತಾಗುವುದಿಲ್ಲ. ಐವಿಎಫ್‌ನಂಥ ಸಂತಾನ ಚಿಕಿತ್ಸೆಗಳಿಗೆ ನಿಯಮ ಹಾಕಿದ 2021ರ ಎಆರ್‌ಟಿ ಕಾಯ್ದೆ ಹಾಗೆ ಹೇಳುತ್ತದೆ. ದಾನಿಯ ಆಧಾರ್ ವಿವರ ವೀರ್ಯ, ಅಂಡಾಣು ಒದಗಿಸುವ ಬ್ಯಾಂಕಿನ ಹತ್ತಿರ ಇರುತ್ತದೆ, ಆದರೆ ಅದನ್ನು ಹೊರಗೆ ಕೊಡುವಂತಿಲ್ಲ. ಕೋರ್ಟ್ ಆದೇಶವಾದರೆ, ಇಲ್ಲವೇ ವೈದ್ಯಕೀಯ ತುರ್ತಿನಲ್ಲಿ ನೀವೇ ಕೇಳಿಕೊಂಡರೆ ಮಾತು ಬೇರೆ. ಹುಟ್ಟುವ ಮಗು ಕಾನೂನಿನಲ್ಲಿ ನಿಮ್ಮದೇ. ದಾನಿಗೆ ಯಾವ ಹಕ್ಕೂ ಇಲ್ಲ.

ಸಂಬಂಧದಲ್ಲೇ ಹೆಣ್ಣು ಕೊಟ್ಟು ತರುವ ಊರು ನಮ್ಮದು. 'ಮುಂದೆ ಅಣ್ಣ ತಂಗಿಯೇ ಗೊತ್ತಿಲ್ಲದೆ ಮದುವೆಯಾಗಿಬಿಟ್ಟರೆ?' ಎಂದು ಒಬ್ಬ ಅಜ್ಜಿ ಕೇಳಿದ್ದರು. ಆ ಭಯ ಸುಮ್ನೆ ಅಲ್ಲ. ಅದಕ್ಕೇ ಈಗ ಒಬ್ಬ ದಾನಿಯದನ್ನು ಒಂದೇ ದಂಪತಿಗೆ ಕೊಡಬೇಕು. ಅಂಡಾಣು ಕೊಡುವ ಹೆಣ್ಣುಮಗಳು ಜೀವನದಲ್ಲಿ ಒಂದೇ ಸಲ ಕೊಡಬಹುದು. ಕಾಯ್ದೆ ಬರುವ ಮೊದಲು ಹುಟ್ಟಿದ ಮಕ್ಕಳಿಗೆ ಮಾತ್ರ ಈ ಕಾವಲಿಲ್ಲ.

ಆದರೆ ದಾನಿಯ ಹೆಸರು ಗುಟ್ಟಾಗಿರುವುದು ಬೇರೆ, ಮಗುವಿಗೆ ವಿಷಯವನ್ನೇ ಹೇಳದಿರುವುದು ಬೇರೆ. ಮೊದಲನೆಯದನ್ನು ಕಾನೂನು ನೋಡಿಕೊಳ್ಳುತ್ತದೆ. ಎರಡನೆಯದು ನಿಮ್ಮ ಕೈಯಲ್ಲಿದೆ. ಹೇಳಿ ಎಂದೇ ನಾನು ಹೇಳುತ್ತೇನೆ. ಮಗ ದೊಡ್ಡವನಾಗಿ ಆಸ್ಪತ್ರೆಗೆ ಹೋದಾಗ 'ಅಪ್ಪನಿಗೆ ಶುಗರ್ ಇದೆಯಾ, ಹೃದಯದ ತೊಂದರೆ ಇದೆಯಾ' ಎಂದು ಕೇಳುತ್ತಾರೆ. ಅವನು ಕೊಡುವ ಉತ್ತರವೇ ತಪ್ಪಾಗಿರುತ್ತದೆ. ಡಿಎನ್‌ಎ ಪರೀಕ್ಷೆ ಮಾಡಿಸಿ, ಮೂವತ್ತು ದಾಟಿದ ಮೇಲೆ ಸತ್ಯ ತಿಳಿದುಕೊಂಡವರು ಹೊರದೇಶಗಳಲ್ಲಿ ಎಷ್ಟೋ ಜನ ಇದ್ದಾರೆ. ಸತ್ಯಕ್ಕಿಂತ ಮನೆಯವರು ಮುಚ್ಚಿಟ್ಟದ್ದೇ ಅವರಿಗೆ ಜಾಸ್ತಿ ನೋವು ಕೊಟ್ಟಿದೆ.

ಸ್ವೀಡನ್ 1985ರಲ್ಲೇ ಮಕ್ಕಳಿಗೆ ದಾನಿಯ ಗುರುತು ತಿಳಿಯುವ ಹಕ್ಕು ಕೊಟ್ಟಿತು. ಬ್ರಿಟನ್ನಿನಲ್ಲಿ 2005ರ ಏಪ್ರಿಲ್ ನಂತರ ನೋಂದಾಯಿಸಿದ ದಾನಿಗಳ ಹೆಸರನ್ನು ಮಕ್ಕಳು 18 ತುಂಬಿದ ಮೇಲೆ ಕೇಳಬಹುದು. ನಮ್ಮಲ್ಲಿಯೂ ಅದು ಬರಬೇಕು. ದಾನಿಗಳು ಕಡಿಮೆಯಾಗುತ್ತಾರೆ ಎನ್ನುತ್ತಾರೆ, ಆಗಬಹುದು. ಆದರೆ ಈ ಒಪ್ಪಂದಕ್ಕೆ ಸಹಿ ಹಾಕುವಾಗ ಮಗುವನ್ನು ಯಾರೂ ಕೇಳಿರುವುದಿಲ್ಲ.

ಜಗಳೂರು ಕಡೆಯ ಒಬ್ಬ ತಾಯಿ ನಾಲ್ಕು ವರ್ಷದ ಮಗಳಿಗೆ ಕಥೆಯ ಹಾಗೆ ಹೇಳಿದ್ದಾರೆ. 'ನೀನು ಬರೋಕೆ ಒಬ್ಬರು ಆಂಟಿ ಸಹಾಯ ಮಾಡಿದ್ರು.' ಮಗು ಕೇಳಿತಂತೆ: 'ಆ ಆಂಟಿಗೆ ನನ್ನ ಹೆಸರು ಗೊತ್ತಾ?'

ಏನು ಹೇಳಲಿ ಎಂದು ಅವರು ನನಗೆ ಫೋನ್ ಮಾಡಿದ್ದರು. ಗೊತ್ತಿಲ್ಲ ಅಂತಲೇ ಹೇಳಿ ಎಂದೆ.