ಬೇಳದ ಇಗರ್ಜಿಯ ಜಗಲಿಯಲ್ಲಿ

ಮಂಜೇಶ್ವರವನ್ನು ನೋಡಬೇಕೆಂಬ ಆಸೆ ನನಗೆ ಶಾಲೆಯ ದಿನಗಳಿಂದಲೂ ಇತ್ತು. 1837ರಲ್ಲಿ ಪ್ರೊಟೆಸ್ಟಂಟ್ ಪಂಥದ ಬಾಸೆಲ್ ಮಿಶನ್ನಿನವರು ಬಂದು ನೆಲೆಯೂರಿದ ಧಾರವಾಡದಲ್ಲಿ, ಅವರಿಂದ ಬೆಳೆದುಬಂದ ಸಭೆಯಲ್ಲಿಯೇ ನಾನು ದೊಡ್ಡವನಾದದ್ದು. ಕೊಂಕಣಿ ಮನೆಮಾತಿನ ಸಾರಸ್ವತ ಬ್ರಾಹ್ಮಣರೊಬ್ಬರು ಕ್ರಿಸ್ತನ ಕೊನೆಯ ದಿನವನ್ನು ಹಳಗನ್ನಡದ ಗತ್ತಿನಲ್ಲಿ ‘ಗೊಲ್ಗೊಥಾ’ ಎಂಬ ಖಂಡಕಾವ್ಯವಾಗಿ ಬರೆದರೆಂಬುದು ನಮ್ಮ ಮನೆಯಲ್ಲಿ ಪದೇ ಪದೇ ಬರುತ್ತಿದ್ದ ಮಾತು. ಗೋವಿಂದ ಪೈಗಳ ಮನೆ ಈಗ ‘ಗಿಳಿವಿಂಡು’ ಎಂಬ ಸ್ಮಾರಕವಾಗಿದೆ. ಅಲ್ಲಿ ಒಂದು ಮುಂಜಾನೆಯನ್ನು ಕಳೆದೆ, ಮನಸ್ಸು ತುಂಬಿತು. ಮರುದಿನದ ಬೇಕಲ ಕೋಟೆಯ ಬಗ್ಗೆ ಬರೆಯುವಂಥದ್ದು ನನ್ನಲ್ಲಿ ಏನೂ ಇಲ್ಲ. ಕಡಲು ಚೆನ್ನಾಗಿತ್ತು, ಬಿಸಿಲು ಸುಡುತ್ತಿತ್ತು, ಸೆಲ್ಫಿಯವರ ನಡುವೆ ಕೋಟೆಯೇ ಕಾಣಲಿಲ್ಲ. ಈ ಬರಹಕ್ಕೆ ಕಾರಣವಾದದ್ದು ಮೂರನೆಯ ದಿನ. ಅದು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಒಂದು ಶುಕ್ರವಾರ.

ಆ ದಿನ ನಾನು ಬೇಳಕ್ಕೆ ಹೊರಟಿದ್ದೆ. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ, ಸೀತಾಂಗೋಳಿಯನ್ನು ದಾಟಿದ ಮೇಲೆ ಸಿಗುವ ಆ ಹಳ್ಳಿಯಲ್ಲಿ ವ್ಯಾಕುಲ ಮಾತೆಯ ಹೆಸರಿನ ಕಥೋಲಿಕ ಇಗರ್ಜಿಯಿದೆ. 1890ರಲ್ಲಿ ಕಟ್ಟಿದ, ಗಾಥಿಕ್ ಶೈಲಿಯ ಕಟ್ಟಡ. ಊರು ಕೇರಳದಲ್ಲಿದ್ದರೂ ಇಗರ್ಜಿ ಮಂಗಳೂರಿನ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಮಂಗಳೂರು ಸೆಂಟ್ರಲ್‌ನಲ್ಲಿ ಕುಂಬಳೆಗೆ ಲೋಕಲ್ ರೈಲಿನ ಹತ್ತು ರೂಪಾಯಿಯ ಟಿಕೆಟ್ ತೆಗೆದುಕೊಂಡು, ಕಣ್ಣೆದುರಿಗೆ ಹೊರಡಲು ಸಿದ್ಧವಾಗಿದ್ದ ರೈಲನ್ನು ಹತ್ತಿ ಕುಳಿತೆ. ಉಪ್ಪಳ ಹಿಂದೆ ಸರಿದ ಮೇಲೆ ಇಳಿಯಲೆಂದು ಬಾಗಿಲ ಬಳಿ ಹೋಗಿ ನಿಂತರೆ, ಅಲ್ಲಿದ್ದ ಹುಡುಗನೊಬ್ಬ ನನ್ನ ಚೀಲವನ್ನು ನೋಡಿ, “ಇದು ಎಕ್ಸ್‌ಪ್ರೆಸ್ಸು ಮಾರಾಯ್ರೆ, ಕುಂಬಳೆಯಲ್ಲಿ ನಿಲ್ಲುವುದಿಲ್ಲ” ಎಂದ. ಅವನ ಮಾತು ಮುಗಿಯುವಷ್ಟರಲ್ಲಿ ಕುಂಬಳೆಯ ಹಳದಿ ಫಲಕ ಕಣ್ಣ ಮುಂದೆಯೇ ಓಡಿಹೋಯಿತು. ಈ ದಾರಿಯಲ್ಲಿ ಹೋಗುವವರು ದಯವಿಟ್ಟು ಗಮನಿಸಬೇಕು: ಮಂಜೇಶ್ವರ, ಉಪ್ಪಳ, ಕುಂಬಳೆಗಳಲ್ಲಿ ಎಲ್ಲ ರೈಲುಗಳೂ ನಿಲ್ಲುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಯಾರನ್ನಾದರೂ ಕೇಳಿಕೊಂಡೇ ಹತ್ತಬೇಕು. ನಾಚಿಕೆಪಟ್ಟುಕೊಂಡು ಕೇಳದೆ ಇದ್ದುದಕ್ಕೆ ನನಗೆ ಅರ್ಧ ದಿನ ಹೋಯಿತು, ಅದಕ್ಕಿಂತ ಹೆಚ್ಚಿನದೂ ಹೋಯಿತು.

ಕಾಸರಗೋಡಿನಲ್ಲಿ ಇಳಿದಾಗ ನನ್ನ ಜೇಬಿನಲ್ಲಿದ್ದ ಟಿಕೆಟ್ಟು ಆ ರೈಲಿಗೂ ಸಲ್ಲದು, ಆ ನಿಲ್ದಾಣಕ್ಕೂ ಸಲ್ಲದು. ಸಿಕ್ಕಿಬಿದ್ದರೆ ಕನಿಷ್ಠ ದಂಡವೇ 250 ರೂಪಾಯಿ ಎಂಬುದು ಗೊತ್ತಿತ್ತು. ಹೊರಹೋಗುವ ದಾರಿಯಲ್ಲಿ ಟಿಕೆಟ್ ನೋಡುವವರು ಯಾರೂ ಇರಲಿಲ್ಲ. ಬಲಗಡೆ ಕೌಂಟರು ತೆರೆದೇ ಇತ್ತು, ಸರದಿಯಲ್ಲಿ ನಾಲ್ಕೇ ಜನ. ಅಲ್ಲಿಗೆ ಹೋಗಿ ಹೇಳಬೇಕೆಂದು ಎರಡು ಹೆಜ್ಜೆ ಇಟ್ಟವನು ನಿಂತೆ. ತಪ್ಪು ನನ್ನದಲ್ಲ, ರೈಲೇ ನನ್ನನ್ನು ಹೊತ್ತು ತಂದದ್ದು. ಇಲ್ಲಿಗೆ ಬಂದದ್ದರಿಂದ ನನಗೆ ನಷ್ಟವೇ ಹೊರತು ಲಾಭವಿಲ್ಲ. ಎಕ್ಸ್‌ಪ್ರೆಸ್ ಟಿಕೆಟ್ಟಿನ ಈ ಮೂವತ್ತು ರೂಪಾಯಿಯಿಂದ ರೈಲ್ವೆಯೇನು ಉದ್ಧಾರವಾಗಬೇಕಾಗಿಲ್ಲ. ಒಂದಾದ ಮೇಲೊಂದು ವಾದಗಳು ಎಷ್ಟು ಸರಾಗವಾಗಿ ಬಂದವೆಂದರೆ, ಯಾರೋ ಮೊದಲೇ ಬರೆದಿಟ್ಟದ್ದನ್ನು ನಾನು ಓದುತ್ತಿದ್ದೇನೋ ಎನ್ನಿಸಬೇಕಿತ್ತು. ಆಗ ಅನ್ನಿಸಲಿಲ್ಲ. ಹೊರಗೆ ಬಂದು ಚಹಾ ಕುಡಿದೆ. ಸುಳ್ಳೇಕೆ, ಚಹಾ ರುಚಿಯಾಗಿಯೇ ಇತ್ತು.

ಮಧೂರು ಮಾರ್ಗವಾಗಿ ಸೀತಾಂಗೋಳಿಗೆ ಬಸ್ಸು, ಅಲ್ಲಿಂದ ಆಟೋ. ಬೇಳವನ್ನು ತಲುಪುವಾಗ ಮಧ್ಯಾಹ್ನ ಕಳೆದಿತ್ತು.

ಅಡಿಕೆ ತೋಟಗಳ ನಡುವೆ, ಕೆಂಪು ಮುರಕಲ್ಲಿನ ನೆಲದ ಮೇಲೆ, ಚೂಪಾದ ಕಮಾನುಗಳನ್ನು ಹೊತ್ತು ನಿಂತ ಆ ಕಟ್ಟಡವನ್ನು ಹಠಾತ್ತಾಗಿ ಕಂಡಾಗ ಮೊದಲು ಆಗುವುದು ಬೆರಗು. ಇಂಥ ಕಡೆ ಇದನ್ನು ಯಾರು ಕಟ್ಟಿದರು, ಹೇಗೆ ಕಟ್ಟಿದರು ಎನ್ನಿಸುತ್ತದೆ. ನಮ್ಮ ಕಡೆಯ ದೇವಾಲಯಗಳು ಬಿಳಿ ಗೋಡೆ, ಒಂದು ಪೀಠ, ಒಂದು ಬರಿಯ ಶಿಲುಬೆ, ಅಷ್ಟರಲ್ಲೇ ಮುಗಿಯುತ್ತವೆ. ನನ್ನ ಕಣ್ಣಿಗೆ ಹಿತವೆನಿಸುವುದು ಆ ಬರಿದುತನವೇ. ಪ್ರತಿಮೆಗಳೆದುರು ನಾನು ಇವತ್ತಿಗೂ ಸ್ವಲ್ಪ ಬಿಗಿಯಾಗುತ್ತೇನೆ. ಆದರೆ ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರತಿಮೆಯಲ್ಲ, ಪಕ್ಕದ ಗೋಡೆಗೆ ತಾಗಿಸಿ ಇಟ್ಟಿದ್ದ ಪಾಪನಿವೇದನೆಯ ಮರದ ಗೂಡು. ಪಾದ್ರಿಗಳು ಕೂರುವ ಜಾಗಕ್ಕೂ ನಿವೇದಿಸುವವರು ಮೊಣಕಾಲೂರುವ ಜಾಗಕ್ಕೂ ನಡುವೆ ಸಣ್ಣ ಕಣ್ಣುಗಳ ಮರದ ಜಾಲರಿ. ಜಾಲರಿಯ ಒಂದು ಕಡೆ, ಬಾಯಿ ಬರುವ ಎತ್ತರದಲ್ಲಿ, ಮರದ ಬಣ್ಣ ಉಸಿರಿನ ತೇವಕ್ಕೋ ಏನೋ ಕಪ್ಪಾಗಿತ್ತು. ಕೆಳಗಿನ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಎರಡು ತಗ್ಗುಗಳು, ಅಂಗೈಯಷ್ಟು ಅಗಲ. ಮೊಣಕಾಲುಗಳು ತೇಯ್ದ ಗುರುತುಗಳೆಂದು ಅರ್ಥವಾಗಲು ಕ್ಷಣ ಹಿಡಿಯಿತು. ಬೆರಳಿಟ್ಟು ನೋಡಿದೆ. ಅಂಚು ಇಲ್ಲದಷ್ಟು ನುಣುಪಾಗಿತ್ತು.

ಹೊರಗಿನ ಜಗಲಿಯಲ್ಲಿ ಒಬ್ಬ ವೃದ್ಧರು ಕೊಡೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದರು. ಯೇಸು ಶಿಲುಬೆ ಹೊತ್ತು ನಡೆದದ್ದನ್ನು ಸ್ಥಳ ಸ್ಥಳಗಳಲ್ಲಿ ನಿಂತು ನೆನೆಯುವ ಪ್ರಾರ್ಥನೆಗೆ, ಸಂಜೆಯ ಶಿಲುಬೆಯ ಹಾದಿಗೆ, ಬಂದವರು. ತಮ್ಮ ಕಡೆಯಿಂದ ಬರುವ ಬಸ್ಸು ಮಧ್ಯಾಹ್ನ ತಪ್ಪಿದರೆ ಮತ್ತೆ ಕತ್ತಲಾದ ಮೇಲೆಯೇ, ಹಾಗಾಗಿ ಬೇಗನೆ ಬಂದು ಕೂತದ್ದು ಎಂದರು. ಅಡಿಕೆ ಕೃಷಿಕರು. ಈ ಕಡೆ ಕ್ರೈಸ್ತರನ್ನು ಕರೆಯುವಂತೆ ಊರವರೆಲ್ಲ ಅವರನ್ನು ‘ಪೊರ್ಬುಗಳು’ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಅವರ ಕೈಯಲ್ಲಿದ್ದ ಪ್ರಾರ್ಥನೆಯ ಪುಸ್ತಕವನ್ನು ಕೇಳಿ ಪಡೆದು ತೆರೆದರೆ, ಅಕ್ಷರವೆಲ್ಲ ಕನ್ನಡ, ಭಾಷೆ ಕೊಂಕಣಿ. ಪ್ರತಿಯೊಂದು ಪದವನ್ನೂ ಓದಬಲ್ಲೆ, ಅರ್ಧಕ್ಕರ್ಧ ತಿಳಿಯದು. ನನ್ನ ಪೇಚಾಟವನ್ನು ನೋಡಿ ಅವರು ನಕ್ಕರು.

ಮಾತು ಶುರುವಾದದ್ದು ಅಲ್ಲಿಂದಲೇ. ಕರ್ತನ ಪ್ರಾರ್ಥನೆಯನ್ನು ನೀವು ಹೇಗೆ ಹೇಳುತ್ತೀರಿ ಎಂದು ಕೇಳಿದರು. “ನಮ್ಮನ್ನು ಶೋಧನೆಯೊಳಗೆ ಸೇರಿಸದೆ ಕೇಡಿನಿಂದ ನಮ್ಮನ್ನು ತಪ್ಪಿಸು” ಎಂದು ಹೇಳಿ ತೋರಿಸಿದೆ. “ದೇವರು ಯಾಕೆ ಸೇರಿಸ್ತಾನೆ? ನಾವು ಕೊಂಕಣಿಯಲ್ಲಿ, ಬೀಳ್ಲಿಕ್ಕೆ ಬಿಡಬೇಡ ಅಂತ ಹೇಳುವುದು” ಎಂದರು. 2017ರಲ್ಲಿ ಪೋಪ್ ಫ್ರಾನ್ಸಿಸ್ ಎತ್ತಿದ್ದೂ ಇದೇ ಆಕ್ಷೇಪ. ಮೂಲದ ಗ್ರೀಕ್ ಪದಕ್ಕೆ ಪರೀಕ್ಷೆ, ಪ್ರಲೋಭನೆ ಎಂಬ ಎರಡೂ ಅರ್ಥಗಳಿವೆಯೆಂದೂ, ನಮ್ಮ ಅನುವಾದಕರು ಆರಿಸಿದ ‘ಶೋಧನೆ’ ಎರಡನ್ನೂ ಹೊರಬಲ್ಲ ಪದವೆಂದೂ ನಾನು ವಾದಿಸಿದೆ. ಪೊರ್ಬುಗಳಿಗೆ ವಾದ ರುಚಿಸಲಿಲ್ಲ, ಪದ ರುಚಿಸಿತು. “ಶೋಧನೆ ಅಂದರೆ ಗಾರ್ಬಲ್ ಮಾಡಿದ ಹಾಗೆ” ಎಂದು ಅಂಗೈಯನ್ನು ಚಾಚಿ, ಇಲ್ಲದ ಅಡಿಕೆಗಳನ್ನು ಬೆರಳಿನಿಂದ ಬೇರೆ ಬೇರೆ ಮಾಡಿ ತೋರಿಸಿದರು: ಇದು ಚಾಲಿ, ಇದು ಪಟೋರ, ಇದು ಕೋಕ.

ಚಾಲಿ ಅಂದರೆ ಒಳ್ಳೆಯ ಒಣ ಅಡಿಕೆ; ಹುಳು ತಿಂದೋ ಕೊಳೆತೋ ಹಾಳಾದ ಕೋಕಕ್ಕೆ ಬೆಲೆ ತೀರ ಕಡಿಮೆ. ಆ ಶಬ್ದವನ್ನು ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೇಳದೆಯೇ ಹೇಳತೊಡಗಿದರು. ನಲವತ್ತು ವರ್ಷಗಳ ಹಿಂದೆ ಒಂದು ತಪಸ್ಸುಕಾಲಕ್ಕೆ ಮುಂಚೆ, ಮಗಳ ಮದುವೆಯ ಖರ್ಚಿನ ಚಿಂತೆಯಲ್ಲಿ, ಅವರು ಎರಡು ಗೋಣಿ ಚಾಲಿಯ ನಡುಭಾಗಕ್ಕೆ ಕೋಕವನ್ನು ತುಂಬಿ ಮಾರಿದ್ದರು. ಬೇರೆಯವರ ಗೋಣಿಗಳನ್ನು ಅಂಗಳಕ್ಕೆ ಸುರಿಸಿ ನೋಡುತ್ತಿದ್ದ ಸಾಹುಕಾರರು, “ಪೊರ್ಬುಗಳದ್ದು ನೋಡುವುದು ಬೇಡ” ಎಂದು ತೂಕ ಮಾಡಿ ಹಣ ಕೊಟ್ಟರು. “ಆ ಮಾತಿಲ್ಲದಿದ್ದರೆ ನನಗೆ ಅದು ಪಾಪ ಅಂತ ಕಾಣ್ತಿರಲಿಲ್ಲ” ಎಂದರು. ಈಸ್ಟರಿನ ಮುಂಚಿನ ಕುಮ್ಸಾರಿನಲ್ಲಿ, ಅಂದರೆ ಪಾಪನಿವೇದನೆಯಲ್ಲಿ, ಒಳಗೆ ನಾನು ಬೆರಳಿಟ್ಟು ನೋಡಿದ ಅದೇ ಹಲಗೆಯ ಮೇಲೆ ಮೊಣಕಾಲೂರಿ, ಹೇಳಿದರು. ಆ ಹಣವನ್ನು ಇಗರ್ಜಿಯ ಕಾಣಿಕೆ ಡಬ್ಬಿಗೆ ಹಾಕಿಬಿಡುತ್ತೇನೆಂದೂ ಸೇರಿಸಿದರು.

“ಪಾದ್ರಿಗಳು ಕೇಳಿದರು, ಅಡಿಕೆ ಇಗರ್ಜಿಗೆ ಮಾರಿದ್ದಾ ಅಂತ.”

ಪಾದ್ರಿಗಳು ಕೇಳಿದ್ದನ್ನು ಹೀಗೆ ಹೊರಗೆ ಹೇಳಬಹುದೇ ಎಂದು ನಾನು ಅನುಮಾನಿಸಿದೆ. ಗುಟ್ಟನ್ನು ಕಾಯಬೇಕಾದವರು ಅವರು, ಪಾಪ ನನ್ನದು, ನಾನು ಯಾರಿಗೂ ಹೇಳಬಹುದು ಎಂದರು. ಕ್ಷಮೆಯ ಮಾತನ್ನು ಪಾದ್ರಿಗಳು ಅಲ್ಲಿಯೇ ಹೇಳಿದ್ದರು; ಸಾಹುಕಾರರ ಬಳಿ ಹೋಗುವುದಾಗಿ ಒಪ್ಪಿಸಿಕೊಂಡು ಕಳಿಸಿದ್ದರು. ಪೊರ್ಬುಗಳು ಹೋದರು. ಸಾಹುಕಾರರು ಹಣವನ್ನು ಎಣಿಸಿ ಪೆಟ್ಟಿಗೆಗೆ ಹಾಕಿಕೊಂಡರು, ಒಂದು ಮಾತನ್ನೂ ಆಡಲಿಲ್ಲ. ಮುಂದಿನ ವರ್ಷದಿಂದ ಪೊರ್ಬುಗಳ ಪ್ರತಿಯೊಂದು ಗೋಣಿಯನ್ನೂ, ಎಲ್ಲರೆದುರಿಗೆ, ಬುಡ ಮೇಲೆ ಮಾಡಿ ಸುರಿಸಿದರು. ಹನ್ನೊಂದು ವರ್ಷ, ಸಾಹುಕಾರರು ತೀರಿಕೊಳ್ಳುವವರೆಗೆ.

“ಬೇರೆ ಅಂಗಡಿಗೆ ಹೋಗಬಹುದಿತ್ತಲ್ಲ?” ಎಂದೆ.

“ಹೋಗಬಹುದಿತ್ತು” ಎಂದರು, ಅಷ್ಟೇ.

ನನ್ನೊಳಗಿನ ಬಾಸೆಲ್ ಮಿಶನ್ ಆಗ ಎದ್ದು ಕೂತಿತು. ಪಾಪವನ್ನು ದೇವರಿಗೇ ಅರಿಕೆಮಾಡಿದರೆ ಆತನು ಕ್ಷಮಿಸುವನೆಂದು ಯೋಹಾನನ ಪತ್ರಿಕೆಯಲ್ಲಿದೆ. ನಡುವೆ ಜಾಲರಿ ಬೇಕಿಲ್ಲ. ಮನುಷ್ಯ ನೀತಿವಂತನೆನಿಸಿಕೊಳ್ಳುವುದು ನಂಬಿಕೆಯಿಂದ, ಹಣ ಹಿಂದಿರುಗಿಸಿದ್ದರಿಂದಲ್ಲ. ಇದನ್ನೆಲ್ಲ ಸೌಮ್ಯವಾಗಿಯೇ ಹೇಳಿ, ಕೊನೆಗೆ ನನ್ನ ದೊಡ್ಡ ಅಸ್ತ್ರವನ್ನೂ ಬಿಟ್ಟೆ: ಒಂದೇ ರಾತ್ರಿಯಲ್ಲಿ ಇಬ್ಬರು ಶಿಷ್ಯರು ಯೇಸುವಿಗೆ ದ್ರೋಹ ಮಾಡಿದರು. ಯೂದನು ಯೇಸುವನ್ನು ಹಿಡಿದುಕೊಡಲು ಪಡೆದ ಮೂವತ್ತು ಬೆಳ್ಳಿಯ ನಾಣ್ಯಗಳನ್ನು ಹಿಂದಕ್ಕೆ ಕೊಟ್ಟನು, ಯೇಸುವನ್ನು ಅರಿಯೆನೆಂದು ಮೂರು ಸಲ ನಿರಾಕರಿಸಿದ ಪೇತ್ರನು ಏನನ್ನೂ ಹಿಂದಿರುಗಿಸಲಿಲ್ಲ, ಅತ್ತನಷ್ಟೆ. ಉಳಿದವನು ಪೇತ್ರನು. ಹಾಗಾದರೆ ಹಿಂದಿರುಗಿಸುವುದರಲ್ಲಿ ಏನಿದೆ?

ಪೊರ್ಬುಗಳು ಕೊಡೆಯ ತುದಿಯಿಂದ ನೆಲದ ಮೇಲೆ ಒಂದು ಗೆರೆ ಎಳೆದು, ತಲೆಯೆತ್ತದೆ ಕೇಳಿದರು: “ಜುದಾಸ್ ಹಣ ಕೊಟ್ಟದ್ದು ಯಾರಿಗೆ?”

“ಮಹಾಯಾಜಕರಿಗೆ.”

“ಅವರಿಗೆ ಅವನು ಎಂತ ಅನ್ಯಾಯ ಮಾಡಿದ್ದ? ಅವರು ಅವನ ಪಾಲುದಾರರು. ಅನ್ಯಾಯ ಮಾಡಿದ್ದು ಯಾರಿಗೋ, ಅವರ ಹತ್ತಿರ ಅವನು ಹೋಗ್ಲೇ ಇಲ್ಲ. ಪೆದ್ರು ಹೋದ, ಜೀವಂತವಾಗಿ ಎದ್ದ ಯೇಸು ದಡದಲ್ಲಿ ಕಂಡಾಗ. ದೋಣಿ ದಡಕ್ಕೆ ಬರುವವರೆಗೂ ಕಾಯ್ಲಿಲ್ಲ, ನೀರಿಗೆ ಹಾರಿ ಹೋದ. ಹೋದ ಮೇಲೆ ಮೂರು ಸಲ ಕೇಳಿಸಿಕೊಂಡ, ನೀನು ನನ್ನನ್ನು ಪ್ರೀತಿಸ್ತೀಯಾ ಅಂತ. ಅದಕ್ಕೆ ಅವನಿಗೆ ಬೇಸರವಾಯ್ತು ಅಂತಲೂ ಬರೆದಿದೆ.”

ಯೋಹಾನನ ಕೊನೆಯ ಅಧ್ಯಾಯವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಆ ಮೂರು ಪ್ರಶ್ನೆಗಳನ್ನು ಹಿಂದಿನ ಮೂರು ನಿರಾಕರಣೆಗಳ ಜೊತೆ ಜೋಡಿಸಿ ಭಾನುವಾರದ ಶಾಲೆಯ ಮಕ್ಕಳಿಗೆ ಪಾಠವನ್ನೂ ಮಾಡಿದ್ದೇನೆ. ಆದರೆ ಕ್ಷಮೆ ದೊರೆತವನು ಮೂರು ಸಲ ಕೇಳಿಸಿಕೊಳ್ಳಬೇಕಾದ ಕಷ್ಟವನ್ನು, ಹನ್ನೊಂದು ವರ್ಷ ಗೋಣಿ ಸುರಿಸಿಕೊಂಡವರ ಬಾಯಿಂದ ಕೇಳುವವರೆಗೆ, ನಾನು ಕಷ್ಟವೆಂದು ಎಣಿಸಿರಲಿಲ್ಲ. ಸುವಾರ್ತೆಯ ಸುಂಕದವನಾದ ಜಕ್ಕಾಯನ ನೆನಪೂ ಬಂತು. ಯೇಸು ಅವನ ಮನೆಗೆ ಇಳಿದುಕೊಳ್ಳಲು ಹೊರಟದ್ದು ಮೊದಲು. ಅನ್ಯಾಯವಾಗಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದು ಅವನು ಎದ್ದು ನಿಂತದ್ದು ಆಮೇಲೆ. ಕೃಪೆ ಮೊದಲೆಂಬ ನಮ್ಮವರ ವಾದ ಆ ಜಗಲಿಯಲ್ಲಿಯೂ ಸೋಲಲಿಲ್ಲ. ಆದರೆ ಆಮೇಲಿನದನ್ನು ನಾನು ಇಷ್ಟು ವರ್ಷ ಓದದೆ ದಾಟಿಬಿಟ್ಟಿದ್ದೆ.

ಮೂವತ್ತು ರೂಪಾಯಿಯ ಸಂಗತಿಯನ್ನು ಅವರಿಗೆ ಹೇಳಬೇಕೆಂದು ಬಾಯಿ ತೆರೆದೆ, ಹೇಳಲಾಗಲಿಲ್ಲ. ಅರಣ್ಯದಲ್ಲಿ ನಲವತ್ತು ದಿನ ಉಪವಾಸವಿದ್ದ ಯೇಸುವನ್ನು ಸೈತಾನನು ಶೋಧಿಸುವಾಗ ಕೀರ್ತನೆಯ ವಚನವನ್ನೇ ಉದ್ಧರಿಸುತ್ತಾನೆ; ಪ್ರಲೋಭನೆ ಬರುವುದು ಒಳ್ಳೆಯ ವಾದದೊಂದಿಗೆ ಎಂಬುದು ನನಗೆ ಪಾಠದಲ್ಲಿ ಗೊತ್ತಿತ್ತು, ಕಾಸರಗೋಡಿನ ನಿಲ್ದಾಣದಲ್ಲಿ ಗೊತ್ತಾಗಿರಲಿಲ್ಲ. ಯಾಕೋಬನು ತನ್ನ ಪತ್ರಿಕೆಯಲ್ಲಿ ಆಶೆ ಬಸುರಾಗಿ ಪಾಪವನ್ನು ಹೆರುತ್ತದೆಂದು ಬರೆದಿದ್ದಾನೆ. ನನ್ನದರಲ್ಲಿ ಬಸಿರಿಗೂ ಹೆರಿಗೆಗೂ ನಡುವೆ ಇದ್ದದ್ದು ಎರಡು ಹೆಜ್ಜೆ.

ಶಿಲುಬೆಯ ಹಾದಿಗೆ ನಾನೂ ನಿಂತೆ. ಹದಿನಾಲ್ಕು ಸ್ಥಳಗಳಲ್ಲಿಯೂ ಜನ ಮೊಣಕಾಲೂರಿ ಏಳುತ್ತಿದ್ದರು. ಮೂರು ಸ್ಥಳಗಳು ಯೇಸು ಶಿಲುಬೆ ಹೊತ್ತು ಬೀಳುವುದಕ್ಕೇ ಮೀಸಲು. ನಮ್ಮ ಸಭೆಯಲ್ಲಿ ಈ ಆಚರಣೆಯಿಲ್ಲ, ಆ ಬೀಳುವಿಕೆಗಳು ಸುವಾರ್ತೆಗಳಲ್ಲಿಯೂ ಇಲ್ಲ. ಬೇರೆ ದಿನವಾಗಿದ್ದರೆ ಇದನ್ನು ದೋಷವಾಗಿ ಎಣಿಸುತ್ತಿದ್ದೆನೇನೋ. ಪೊರ್ಬುಗಳು ಪ್ರತಿಯೊಂದು ಸ್ಥಳದಲ್ಲಿಯೂ ಕೊಡೆಯನ್ನು ಊರಿ ಏಳುತ್ತಿದ್ದರು. ಮುಗಿದ ಮೇಲೆ ಅವರ ಬಸ್ಸು ಬಂತು, ಮಾತಾಡಲು ಹೊತ್ತಾಗಲಿಲ್ಲ.

ಕುಂಬಳೆ ಹತ್ತಿರವಿದ್ದರೂ ನಾನು ಕಾಸರಗೋಡಿಗೇ ಹಿಂದಿರುಗಿದೆ. ಕೌಂಟರಿನಲ್ಲಿ ನನ್ನ ಸರದಿ ಬಂದಾಗ, “ಮಂಗಳೂರಿನಿಂದ ಕಾಸರಗೋಡಿಗೆ ಒಂದು ಎಕ್ಸ್‌ಪ್ರೆಸ್ ಟಿಕೆಟ್” ಎಂದೆ.

“ಇದು ಕಾಸರಗೋಡೇ ಅಲ್ವಾ?” ಎಂದರು ಒಳಗಿದ್ದವರು.

ಬೆಳಗಿನ ಸಂಗತಿಯನ್ನು ವಿವರಿಸತೊಡಗಿದೆ. ಹಿಂದೆ ಸರದಿ ಬೆಳೆಯುತ್ತಿತ್ತು, ಯಾರೋ ಮಲಯಾಳದಲ್ಲಿ ಗೊಣಗಿದರು. ಮುಗಿದುಹೋದ ಪ್ರಯಾಣಕ್ಕೆ ಟಿಕೆಟ್ ಕೊಡುವ ಕ್ರಮವಿಲ್ಲವೆಂದು ಅವರು ತಾಳ್ಮೆಯಿಂದಲೇ ಹೇಳಿದರು. ಕೊನೆಗೆ ಮಂಗಳೂರಿಗೆ ಇಬ್ಬರ ಟಿಕೆಟ್ ಕೇಳಿ ಪಡೆದೆ. ಉಪ್ಪಳ ದಾಟಿದ ಮೇಲೆ ಟಿಟಿಇ ಬಂದರು. ಬೆಳಿಗ್ಗೆ ಕಾಣದೆ ಇದ್ದವರು ಈಗ ಬಂದರಲ್ಲ ಎಂದು ನಗು ಬಂತು. ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, “ಇಬ್ಬರದ್ದು ಉಂಟಲ್ಲ, ಇನ್ನೊಬ್ಬರು ಎಲ್ಲಿ?” ಎಂದು ಕೇಳಿದರು.

“ಅವರು ಬೆಳಿಗ್ಗೆಯೇ ಹೋದರು” ಎಂದೆ.